ಡೀಸೆಲ್ ಉಳಿಸಿದವನ ಮಗಳು

ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ಸಣ್ಣಗೆ ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ, ಕಾರು ಓಡಿಸುವ ಪರೀಕ್ಷೆಯಲ್ಲಿ ನಾನು ಎರಡನೇ ಸಲ ಫೇಲಾದೆ. ನಲವತ್ತರ ಹತ್ತಿರ ಬಂದ ಹೆಂಗಸು, ಹದಿನೈದು ವರ್ಷದಿಂದ ನರ್ಸ್ ಕೆಲಸ ಮಾಡಿದವಳು, ಎಂತೆಂಥ ಗಾಯ ನೋಡಿಯೂ ಮುಖ ಸಿಂಡರಿಸದವಳು, ಒಂದು ಪ್ಲಾಸ್ಟಿಕ್ ಕಾರ್ಡಿಗಾಗಿ ಎಸ್ಸೆಸ್ಸೆಲ್ಸಿ ಹುಡುಗಿಯ ಹಾಗೆ ಮೂಗು ಒರೆಸಿಕೊಂಡೆ. ಪರೀಕ್ಷಕ ಬಲು ಸಭ್ಯ ಮನುಷ್ಯ. ಆ ದೇಶದಲ್ಲಿ ನಿಮ್ಮನ್ನು ಫೇಲು ಮಾಡುವವರು ಮೊದಲು ಮಳೆಯ ಬಗ್ಗೆ ಎರಡು ಮಾತಾಡುತ್ತಾರೆ. ಅದು ಮುಗಿದ ಮೇಲೆ ಆತ ಕಾಗದದ ಮೇಲೆ ಬೆರಳಿಟ್ಟು ಹೇಳಿದ, "ಇಳಿಜಾರು ಬಂದ ಕೂಡಲೇ ನೀವು ಗೇರು ತೆಗೆದುಬಿಡುತ್ತೀರಿ. ನ್ಯೂಟ್ರಲ್‌ನಲ್ಲಿ ಕಾರು ತಾನಾಗಿ ಉರುಳುತ್ತದೆ, ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಹೋದ ಸಲವೂ ಇದೇ ತಪ್ಪು. ನಿಮಗೆ ಇದನ್ನು ಯಾರು ಕಲಿಸಿದರು?"

"ಯಾರೂ ಕಲಿಸಿಲ್ಲ" ಎಂದೆ. ಅದು ಅರ್ಧ ಸುಳ್ಳು. ಕಲಿಸುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ ನನ್ನ ಅಪ್ಪನಿಂದ ನಾನು ಕಲಿತದ್ದು ಇದೊಂದೇ.

ಆ ಕಾರ್ಡು ನನಗೆ ಯಾಕೆ ಬೇಕಿತ್ತೆಂದರೆ, ಆಸ್ಪತ್ರೆಯಲ್ಲಿ ನನಗೊಂದು ಒಳ್ಳೆಯ ಕೆಲಸ ಕಾದಿತ್ತು. ಹಳ್ಳಿಗಳಲ್ಲಿ ಇರುವ ವಯಸ್ಸಾದವರ ಮನೆಮನೆಗೆ ಹೋಗಿ ಗಾಯ ತೊಳೆಯುವುದು, ಇಂಜೆಕ್ಷನ್ ಕೊಡುವುದು. ವಾರ್ಡಿನ ಪಾಳಿಯಿಲ್ಲ, ತಲೆಯ ಮೇಲೆ ಕೂರುವವರಿಲ್ಲ. ಆದರೆ ಕಾರು ಓಡಿಸದೆ ಅದು ಆಗದ ಕೆಲಸ. ನಮ್ಮ ಮೇಲಧಿಕಾರಿ ವರ್ಷದ ಕೊನೆಯವರೆಗೆ ಆ ಜಾಗ ನಿನಗೇ ಇಡುತ್ತೇನೆ, ಆಮೇಲೆ ಬೇರೆಯವರಿಗೆ ಎಂದು ನಗುನಗುತ್ತಲೇ ಹೇಳಿದ್ದಳು. ಮೂರನೇ ಪರೀಕ್ಷೆಗೆ ತಾರೀಖು ಸಿಕ್ಕಿದ್ದು ಡಿಸೆಂಬರಿನಲ್ಲಿ. ನಾಲ್ಕನೆಯದಕ್ಕೆ ಸಮಯವೇ ಇರಲಿಲ್ಲ. ಬಾಕಿಯಿದ್ದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು ನಾನು ಕಲಬುರಗಿಗೆ ಹೊರಟೆ. ರೋಗ ಎಲ್ಲಿ ಅಂಟಿತೋ ಅಲ್ಲೇ ಹೋಗಿ ನೋಡಬೇಕು ಅನ್ನುವುದು ನರ್ಸ್ ಬುದ್ಧಿ.

ನನ್ನ ಬಳಿ ಲೈಸೆನ್ಸ್ ಇರಲಿಲ್ಲವೆಂದಲ್ಲ. ಭಾರತದ್ದು ಒಂದಿತ್ತು. ಕಾಲೇಜು ಮುಗಿದ ವರ್ಷ ಕಲಬುರಗಿಯಲ್ಲೇ ಒಂದು ಡ್ರೈವಿಂಗ್ ಕ್ಲಾಸಿಗೆ ಹದಿನೈದು ದಿನ ಹೋಗಿ ಪಡೆದದ್ದು. ಆ ಕ್ಲಾಸಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ನಾನು ಸ್ಟೇರಿಂಗ್ ಹಿಡಿದು ಮಹಾರಾಣಿಯಂತೆ ಕೂರುತ್ತಿದ್ದೆ. ಅವನು ಗುಟ್ಕಾ ಅಗಿಯುತ್ತ, ಫೋನಿನಲ್ಲಿ ಯಾರಿಗೋ ಬೈಯುತ್ತ, ತನ್ನ ಎರಡು ಕಾಲಿನಿಂದಲೇ ಇಡೀ ಕಾರು ನಡೆಸುತ್ತಿದ್ದ. ನಡುನಡುವೆ "ಮಸ್ತ್ ಹೊಡೀತೀರಿ ಮೇಡಂ" ಅನ್ನುತ್ತಿದ್ದ. ನಾನು ನಂಬಿದೆ. ಆಮೇಲೆ ಕಾರನ್ನು ಮುಟ್ಟಲಿಲ್ಲವಾದರೂ, ನನಗೆ ಕಾರು ಬರುತ್ತದೆ ಎಂದು ಹದಿನಾರು ವರ್ಷ ನಂಬಿಕೊಂಡೇ ಇದ್ದೆ. ಆ ದೇಶ ನಮ್ಮ ಲೈಸೆನ್ಸನ್ನು ಬದಲಿಸಿ ಕೊಡುವುದಿಲ್ಲ, ಅಆಇಈಯಿಂದ ಕಲಿತು ಪರೀಕ್ಷೆ ಕೊಡಬೇಕು ಎಂದಾಗ ನಮ್ಮ ದೇಶಕ್ಕೇ ಅವಮಾನವಾಯಿತು ಎಂದು ಕ್ಯಾಂಟೀನಿನಲ್ಲಿ ಭಾಷಣ ಮಾಡಿದ್ದೆ. ಮೊದಲ ಪಾಠದ ದಿನ ಕಾರು ಮೂರು ಸಲ ಜಿಗಿದು ಆಫ್ ಆಯಿತು. ಪಕ್ಕದ ಸೀಟಿನಲ್ಲಿದ್ದ ಟೀಚರಮ್ಮನ ಕಾಲುಗಳು ಏನು ಮಾಡುತ್ತಿವೆ ಎಂದು ಬಗ್ಗಿ ನೋಡಿದೆ. ಆಕೆ ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಕೂತಿದ್ದಳು. ಅಂದಿನಿಂದ ಭಾಷಣ ನಿಲ್ಲಿಸಿದೆ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಮೂವತ್ತು ವರ್ಷ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾರಿಯಲ್ಲೇ ಬಸ್ಸು ಓಡಿಸಿದವನು. ನನ್ನ ತಮ್ಮನಿಗೆ ಕಲಿಸಿದ. ಬ್ರಹ್ಮಪುರದ ನಮ್ಮ ಗಲ್ಲಿಯ ಅರ್ಧ ಗಂಡುಹುಡುಗರಿಗೆ ಕಲಿಸಿದ. ನನಗೆ ಮಾತ್ರ "ಹೆಣ್ಮಕ್ಕಳಿಗಿ ನಾ ಕಲಿಸಂಗಿಲ್ಲ, ಬೇಕಿದ್ರ ಕ್ಲಾಸಿಗಿ ಹೋಗು" ಎಂದ. ಹೊರದೇಶಕ್ಕೆ ಒಬ್ಬಳನ್ನೇ ಕಳಿಸುವಾಗ ಹೆದರದ ಮನುಷ್ಯ ಬಸ್ ಸ್ಟ್ಯಾಂಡ್ ಹಿಂದಿನ ಮೈದಾನದಲ್ಲಿ ನನ್ನ ಕೈಗೆ ಸ್ಟೇರಿಂಗ್ ಕೊಡಲು ಹೆದರಿದ್ದ. ಈ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತದೆ, ಬರಲಿ.

ಆದರೆ ನೋಡಬೇಡ ಎಂದು ಅವನು ಹೇಳಿರಲಿಲ್ಲ. ಸಾಲಿ ರಜೆಯಲ್ಲಿ ಅವನ ಬಸ್ಸಿನಲ್ಲೇ ನಾವು ಕಮಲಾಪುರದ ಅತ್ತೆಯ ಮನೆಗೆ ಹೋಗುತ್ತಿದ್ದೆವು. ಅತ್ತೆ ಎಂದರೆ ಅಪ್ಪನ ತಂಗಿ. ಇಳಿಜಾರು ಬಂದ ಕೂಡಲೇ ಅಪ್ಪನ ಎಡಗೈ ಗೇರಿನ ಕೋಲನ್ನು ಟಕ್ ಎಂದು ನ್ಯೂಟ್ರಲ್‌ಗೆ ತಳ್ಳುತ್ತಿತ್ತು. ಇಂಜಿನ್ನಿನ ಗದ್ದಲ ತಗ್ಗಿ ಬಸ್ಸು ಗಾಳಿಯಲ್ಲಿ ತೇಲಿದ ಹಾಗೆ ಇಳಿಯುತ್ತಿತ್ತು. ಹಾಗೆ ಮಾಡಬಾರದೆಂದು ಡಿಪೋದಲ್ಲೇ ಬರೆದು ಹಾಕಿದ್ದರಂತೆ. ಅದೇ ಗೋಡೆಯ ಮೇಲೆ ಯಾರ ಬಸ್ಸು ಎಷ್ಟು ಡೀಸೆಲ್ ಕುಡಿಯಿತು ಎಂಬ ಪಟ್ಟಿಯೂ ಇರುತ್ತಿತ್ತು, ಪಟ್ಟಿಯ ಕೊನೆಯಲ್ಲಿದ್ದವನನ್ನು ಉಳಿದ ಡ್ರೈವರುಗಳು ಚಹಾದ ಹೋಟೆಲಿನಲ್ಲಿ ಹುರಿದು ಮುಕ್ಕುತ್ತಿದ್ದರು. ಅಪ್ಪ ಎಂದೂ ಕೊನೆಯಲ್ಲಿರಲಿಲ್ಲ. ಒಂದು ವರ್ಷ ಮೊದಲನೆಯವನಾಗಿ, ಡೀಸೆಲ್ ಉಳಿಸಿದ್ದಕ್ಕೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ, ಒಂದು ಸ್ಟೀಲ್ ಕೊಡ ತಂದ. ಕೊಡ ಸೋರಿ ಹೋಗಿ ಎಷ್ಟೋ ವರ್ಷವಾಯಿತು. ಪತ್ರ ಪಡಸಾಲೆಯಲ್ಲಿ ದೇವರ ಫೋಟೋಗಿಂತ ಒಂದು ಗೇಣು ಮೇಲೇ ಇದೆ.

ಆ ಪತ್ರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ ಅಪ್ಪನಿಗೆ ನಾನು ಫೇಲಾದ ಕಾರಣ ಹೇಳಿದೆ. ಅವನು ಬಸಿಯನ್ನು ಕೆಳಗಿಟ್ಟ.

"ಇಳಿಜಾರಿನಾಗ ನ್ಯೂಟ್ರಲ್ ಹಾಕಿದ್ದಕ್ಕ ಫೇಲ್ ಮಾಡಿದ್ರಾ?"

"ಹೌದು."

"ಆ ದೇಶದಾಗ ಎಣ್ಣಿ ಮುಫತ್ ಸಿಗ್ತದೇನು?"

"ಗಾಡಿ ಕೈಯಾಗ ಇರಲ್ಲಂತ, ಅಪ್ಪಾ."

"ಮೂವತ್ತು ವರ್ಷ ನನ್ನ ಕೈಯಾಗ ಇತ್ತಲ್ಲ! ಒಂದು ಕೋಳಿ ಸತ್ತಿಲ್ಲ ನನ್ನ ಗಾಲಿ ಕೆಳಗ. ಹೋಗಿ ಹೇಳು ನಿಮ್ಮ ಸಾಹೇಬಗ."

ಅವ್ವ ಅಡುಗೆಮನೆಯಿಂದಲೇ, "ರೀ, ಅಕಿ ಫೇಲ್ ಆಗಿ ಬಂದಾಳ, ನೀವು ನಿಮ್ಮ ಕೋಳಿ ಹೇಳಾಕತ್ತೀರಲ್ರೀ" ಎಂದಳು. ಅಪ್ಪ ಮುಖ ಊದಿಸಿಕೊಂಡು ಪೇಪರ್ ತೆಗೆದ.

ನನಗೂ ಅವನದೇ ರಕ್ತ. ಮರುದಿನ ಪರೀಕ್ಷೆಯ ಅಂಕದ ಹಾಳೆಯನ್ನು ಪ್ರಿಂಟ್ ಮಾಡಿಸಿಕೊಂಡು ಬಂದು, ನೀನೇ ಒಂದು ಸಲ ಈ ಪರೀಕ್ಷೆ ಕೊಟ್ಟು ತೋರಿಸು ಎಂದು ಪಂಥ ಹಾಕಿದೆ. ನಿವೃತ್ತಿಯಾದಾಗ ಕೊಂಡ ತನ್ನ ಕಾರನ್ನು ಅಪ್ಪ ಖೂಬಾ ಪ್ಲಾಟ್ ಬಡಾವಣೆಯ ಕಡೆ ತೆಗೆದ. ನಾನು ಪಕ್ಕದಲ್ಲಿ ಹಾಳೆ, ಪೆನ್ನು ಹಿಡಿದು ಕೂತೆ, ಮಳೆಯ ಬಗ್ಗೆಯೂ ಎರಡು ಮಾತು ಕೇಳಿದೆ. ಅವನಿಗೆ ಅದು ತಿಳಿಯಲಿಲ್ಲ.

ಸೀಟ್ ಬೆಲ್ಟಿನಿಂದಲೇ ಶುರುವಾಯಿತು. ಅದು ಹಾಕದಿದ್ದರೆ ಕಾರು ಕುಂಯ್ಗುಡುತ್ತದೆ ಎಂದು ಅಪ್ಪ ಬೆಲ್ಟನ್ನು ಸೀಟಿನ ಹಿಂದಿನಿಂದ ಸುತ್ತಿಸಿ ಕಾಯಮ್ಮಾಗಿ ಸಿಕ್ಕಿಸಿಟ್ಟಿದ್ದ. ಕಾರು ಮೋಸಹೋಗಿ ಸುಮ್ಮನಿತ್ತು. ಎಡಗಡೆಯ ಕನ್ನಡಿ ಮಡಚಿತ್ತು, ಯಾಕೆಂದರೆ ತೆರೆದರೆ ಸ್ಕೂಟರಿನವರು ಬಡಿದು ಮುರಿಯುತ್ತಾರೆ. ತಿರುವಿನಲ್ಲಿ ಕಿಟಕಿಯಿಂದ ಕೈ ಹೊರಗೆ ಚಾಚಿದ. ಅದು ಸಿಗ್ನಲ್ಲೋ ಆಶೀರ್ವಾದವೋ ಹಿಂದಿನ ಆಟೋದವನೇ ಹೇಳಬೇಕು. ಹಳೆಯ ಕಂಡಕ್ಟರೊಬ್ಬ ಎದುರಿಗೆ ಕಂಡಾಗ ನಡುರಸ್ತೆಯಲ್ಲಿ ನಿಲ್ಲಿಸಿ ಅವನ ಬೀಗರ ಕ್ಷೇಮವನ್ನೂ ವಿಚಾರಿಸಿದ. ಹಾರ್ನನ್ನು ಬರೆದುಕೊಳ್ಳುವುದು ಐದೇ ನಿಮಿಷದಲ್ಲಿ ಬಿಟ್ಟುಬಿಟ್ಟೆ. ಮನೆ ಮುಟ್ಟುವಷ್ಟರಲ್ಲಿ ಹಾಳೆಯಲ್ಲಿ ಜಾಗವಿಲ್ಲದೆ ಹಿಂದುಗಡೆ ಬರೆಯುತ್ತಿದ್ದೆ.

"ಎಷ್ಟ್ ಕೊಟ್ಟಿ?" ಎಂದ ಅಪ್ಪ, ಕೈಯೊರೆಸಿಕೊಳ್ಳುತ್ತ.

"ಫೇಲ್."

"ಯಾರು?"

"ನೀನು."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಒಳಗೆ ಹೋಗಿ ಮಲಗಿಬಿಟ್ಟ. ಎರಡು ದಿನ ನನ್ನೊಡನೆ ಮಾತಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೂರನೇ ದಿನ ಅವನೇ ಬಂದು "ನಡಿ, ಕಮಲಾಪುರಕ್ಕ ಹೋಗೋಣ. ನೀ ಹೊಡಿ, ನಾ ನೋಡ್ತೇನಿ" ಎಂದ. ಹುಟ್ಟಿದಾಗಿನಿಂದ ಈ ಮಾತಿಗೆ ಕಾದಿದ್ದವಳು ನಾನು. ಆದರೆ ಅವನ ಧ್ವನಿಯಲ್ಲಿದ್ದದ್ದು ಕಲಿಸುವ ಆಸೆಯಲ್ಲ, ಸೇಡು.

ಅವ್ವ ಬುತ್ತಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಊರು ದಾಟುವವರೆಗೂ ಅಪ್ಪ ಬಾಯಿಗೆ ಬಿಡುವು ಕೊಡಲಿಲ್ಲ. ಹಾರ್ನ್ ಹೊಡಿ ಅಂದ, ಕನ್ನಡಿ ನೋಡಬ್ಯಾಡ ಮುಂದ ನೋಡು ಅಂದ, ಹಿಂಗ ಹೋದರ ಕಮಲಾಪುರ ಮುಟ್ಟೋದ್ರಾಗ ಅಲ್ಲಿನ ಕೆಂಪು ಬಾಳೆಹಣ್ಣು ಕೊಳೀತಾವ ಅಂದ. ನಾನು ಹಲ್ಲು ಕಚ್ಚಿಕೊಂಡು ಆ ದೇಶದ ಕ್ರಮದಲ್ಲೇ ಹೋದೆ. ಹೆದ್ದಾರಿಯಲ್ಲಿ ಕಾರು ನನ್ನ ಮಾತು ಕೇಳತೊಡಗಿತ್ತು. ಕಮಲಾಪುರ ಇನ್ನೇನು ಬಂತು ಅನ್ನುವಾಗ ಇಳಿಜಾರು ಬಂತು.

"ತೆಗಿ ಗೇರು" ಎಂದ ಅಪ್ಪ.

"ತೆಗೆಯಲ್ಲ."

"ಅಯ್ಯ, ಸುಮ್ ಸುಮ್ನ ಎಣ್ಣಿ ಸುಡ್ತೀಯಲ್ಲ" ಎಂದವನೇ ಕೈ ಚಾಚಿ ಟಕ್ ಎಂದು ಗೇರನ್ನು ತಾನೇ ನ್ಯೂಟ್ರಲ್‌ಗೆ ತಳ್ಳಿದ.

ಕಾರು ಹಗುರಾಗಿ ಮುಂದೆ ಜಾರಿತು. ಕೆಳಗೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಿಂದೆ ಒಂದು ದೀಪವೂ ಇಲ್ಲದೆ, ರಸ್ತೆಯ ತುಂಬ ತೆವಳುತ್ತಿತ್ತು. ಎದುರಿನಿಂದ ಲಾರಿ. ಬ್ರೇಕು ಒತ್ತಿ, ಕ್ಲಚ್ಚು ಒತ್ತಿ, ಗೇರಿನ ಮೇಲಿದ್ದ ಅಪ್ಪನ ಕೈಯನ್ನು ಕಿತ್ತೆಸೆದು ಮತ್ತೆ ಮೂರನೇ ಗೇರಿಗೆ ಹಾಕಿದೆ. ಕಾರು ಗುರ್ರೆಂದು ತಡೆದು, ಕಬ್ಬಿನ ಎಲೆಗಳು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನಿಧಾನವಾಯಿತು.

"ಕೈ ತೆಗಿ!" ಎಂದು ಅರಚಿದೆ. "ನೀ ಹೊಡಿಯಾಕತ್ತೀಯೋ, ನಾ ಹೊಡಿಯಾಕತ್ತೀನೋ? ಇನ್ನೊಂದ್ ಸಲ ಮುಟ್ಟಿದ್ರ ಇಲ್ಲೇ ಇಳಿಸಿ ಹೋಗ್ತೇನಿ ನೋಡು!"

ಅಪ್ಪನ ಮೇಲೆ ಧ್ವನಿ ಎತ್ತಿದ್ದು ಅದೇ ಮೊದಲು. ಅವ್ವ ಬೈಯುತ್ತಾಳೆ ಅಂದುಕೊಂಡೆ, ಅವಳು ಬುತ್ತಿಯ ಗಂಟನ್ನು ಅವುಚಿ ಹಿಡಿದುಕೊಂಡಳು, ಅಷ್ಟೆ. ಅಪ್ಪ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದವರೆಗೆ ರಸ್ತೆ ನೋಡುತ್ತ ಕೂತ.

ಅತ್ತೆಯ ಮನೆಯಲ್ಲಿ ನಾಲ್ಕು ಜನ ಕೂಡಿದ ಮೇಲೆ ಅವನಿಗೆ ಮತ್ತೆ ಬಾಯಿ ಬಂತು. ಆ ಊರಿನ ಕೆಂಪು ಬಾಳೆಹಣ್ಣು ಸುಲಿಯುತ್ತ, "ಅಲ್ಲಿ ಮಂದಿ ಇಳಿಜಾರಿಗೂ ಎಣ್ಣಿ ಸುಡ್ತಾರಂತ. ಅದಕ್ಕ ನೋಡು ಆ ದೇಶ ಅಷ್ಟು ದೊಡ್ಡದು ಆಗ್ಯದ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟ್ರ್ಯಾಕ್ಟರಿನ ಸುದ್ದಿಯನ್ನು ಅಪ್ಪ ಎತ್ತಲೇ ಇಲ್ಲ. ಅತ್ತೆ ಮಾತ್ರ ನಿಜವಾದ ಮರುಕದಿಂದ, "ಹೋಗ್ಲಿ ಬಿಡವ್ವ, ಅಲ್ಲಿ ಆಟೋ ಸಿಗಲ್ಲೇನು?" ಎಂದು ಕೇಳಿದಳು. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಎರಡು ಹಣ್ಣು ತಿಂದೆ.

ವಾಪಸು ಹೊರಡುವಾಗ ಅಪ್ಪ ಹಿಂದಿನ ಸೀಟಿಗೆ ಹತ್ತಿ ಕೂತ. "ನಾ ಇಲ್ಲೇ ಆರಾಮ ಇದ್ದೇನಿ. ನಿಮ್ಮವ್ವನ್ನ ಕೂಡಿಸಿಕೋ ಮುಂದ" ಎಂದ. ಹೀಗೆ ನನ್ನ ಪಕ್ಕಕ್ಕೆ ಅವ್ವ ಬಂದಳು. ಜೀವಮಾನದಲ್ಲಿ ಸೈಕಲ್ಲನ್ನೂ ಹತ್ತದವಳು. ಅವಳಿಗೆ ನಾನು ಒಂದೇ ಒಂದು ಕೆಲಸ ಹೇಳಿದೆ. ಇಳಿಜಾರಿನಲ್ಲಿ ನನ್ನ ಎಡಗೈ ತಾನಾಗಿಯೇ ಗೇರಿನ ಕಡೆ ಹೋಗುತ್ತದೆ, ಹೋದರೆ ಹೇಳು. ಅವ್ವ ಸೆರಗು ಬಿಗಿದುಕೊಂಡು ನನ್ನ ಕೈಯನ್ನೇ ದಿಟ್ಟಿಸಿ ಕೂತಳು, ಹಾಲು ಉಕ್ಕುವುದನ್ನು ಕಾಯುವ ಹಾಗೆ. ಕೈ ಒಂದು ಬೆರಳಷ್ಟು ಅಲುಗಿದರೂ "ಕೈ!" ಎಂದು ಒದರಿ ಫಟ್ಟೆಂದು ಹೊಡೆಯುತ್ತಿದ್ದಳು. ರಜೆ ಮುಗಿಯುವವರೆಗೆ ದಿನಾ ಕಮಲಾಪುರಕ್ಕೆ ಹೋಗಿ ಬಂದೆವು. ಮೊದಲ ದಿನ ಎಂಟೋ ಹತ್ತೋ ಏಟು ಬಿದ್ದಿದ್ದವು, ಕೊನೆಯ ದಿನ ಒಂದೂ ಬೀಳಲಿಲ್ಲ. ಅವ್ವನಿಗೆ ಸ್ವಲ್ಪ ಬೇಸರವೇ ಆದ ಹಾಗಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ ಪ್ರತಿದಿನವೂ ಬಂದು ಕೂರುತ್ತಿದ್ದ, ಆ ಇಳಿಜಾರು ಬಂದಾಗ ಪ್ರತಿದಿನವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ವ್ಯರ್ಥವಾಗುವ ಎಣ್ಣೆಯನ್ನು ನೋಡಲಾಗದೆ ಎಂದು ನಾನು ಅವ್ವನಿಗೆ ಹೇಳಿ ನಕ್ಕಿದ್ದೆ.

ಡಿಸೆಂಬರಿನ ಪರೀಕ್ಷೆಗೆ ಅದೇ ಸಭ್ಯ ಮನುಷ್ಯ ಬಂದ. ಊರಾಚೆಯ ಚರ್ಚಿನ ಬಳಿ ಉದ್ದದ ಇಳಿಜಾರು, ಒದ್ದೆ ರಸ್ತೆ. ನನ್ನ ಎಡಗೈ ಸ್ಟೇರಿಂಗ್ ಬಿಟ್ಟು ಕದಲಲಿಲ್ಲ, ಯಾವ ಕ್ಷಣದಲ್ಲಾದರೂ ಏಟು ಬೀಳುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಆಫೀಸಿಗೆ ಮರಳಿದ ಮೇಲೆ ಆತ ಮಳೆಯ ಮಾತೆತ್ತದೆ ನೇರವಾಗಿ "ಪಾಸಾಗಿದ್ದೀರಿ" ಎಂದ. ಪಾಸಾದ ಕಾಗದ ಇಸಿದುಕೊಂಡು ಹೊರಗೆ ಬಂದು, ನಿಂತಿದ್ದ ಕಾರಿನಲ್ಲೇ ಕೂತು ಮನೆಗೆ ಫೋನು ಮಾಡಿದೆ.

ಅವ್ವ ಅತ್ತಳು. ಅಪ್ಪ ಸ್ಟೇಶನ್ ಬಜಾರಿನ ಚಹಾದ ಹೋಟೆಲಿನಲ್ಲಿದ್ದಾನೆ, ಅವನಿಗೂ ಹೇಳು ಎಂದಳು. ಅವನಿಗೆ ಫೋನು ಮಾಡಿದರೆ ಪುಣ್ಯಾತ್ಮ ಸ್ಪೀಕರ್ ಹಾಕಿದ. ನಿವೃತ್ತ ಡ್ರೈವರುಗಳ ಒಂದು ಪಂಚಾಯಿತಿಯೇ ಅಲ್ಲಿತ್ತು. "ನಮ್ಮಕಿ ಪಾಸ್ ಆಗ್ಯಾಳ ನೋಡ್ರೆಪಾ! ನಾನೇ ಕಲಿಸೀನಿ, ಕಮಲಾಪುರ ರೋಡಿನಾಗ!" ಎಂದು ಅಪ್ಪ ಕೂಗಿದ. ಎಲ್ಲರೂ ಶಾಬಾಸ್ ಶಾಬಾಸ್ ಎಂದರು. ಎಲ್ಲರಿಗೂ ಮಿರ್ಚಿ ಭಜಿ ಹೇಳಿದ್ದು ನನಗೆ ಕೇಳಿಸಿತು. ಏಟು ಕೊಟ್ಟು ಕಲಿಸಿದವಳು ಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು, ಮೆರವಣಿಗೆ ಇವನದು. ಫೋನಿಡುವುದರಲ್ಲಿದ್ದೆ.

"ತಡಿ" ಎಂದ ಅಪ್ಪ. ಗದ್ದಲ ದೂರವಾಯಿತು. ಹೋಟೆಲಿನಿಂದ ಹೊರಗೆ ಬಂದಿದ್ದ. ಸ್ಪೀಕರ್ ತೆಗೆದಿದ್ದ. "ಇಳಿಜಾರ ಬಂತೇನು?"

"ಬಂತು. ಗೇರಿನಾಗೇ ಇಳಿಸಿದೆ."

"ಚಲೋ ಮಾಡಿದಿ." ಆಮೇಲೆ, "ಒಂದ್ ಮಾತ್ ಹೇಳ್ತೇನಿ, ನಿಮ್ಮವ್ವನ ಮುಂದ ಅನಬ್ಯಾಡ. ಕಮಲಾಪುರದ ಇಳಿಜಾರಿನಾಗ ಒಂದ್ಸಲ ನ್ಯೂಟ್ರಲ್ ಹಾಕಿ ಇಂಜಿನ್ನೂ ಬಂದ್ ಮಾಡಿದ್ದೆ. ಡೀಸೆಲ್ ಪಟ್ಟ್ಯಾಗ ಮೊದಲ ಬರಬೇಕಂತ. ಬಸ್ಸಿನ ಬ್ರೇಕ್ ಗಾಳಿ ಮ್ಯಾಲ ನಡೀತಾವ, ಇಂಜಿನ್ ಬಂದ್ ಆದ್ರ ಗಾಳಿ ತುಂಬಂಗಿಲ್ಲ. ನಾಕ್ ಸಲ ಬ್ರೇಕ್ ಹೊಡದೆ, ಐದನೇದ್ದಕ್ಕ ಕಾಲ ಕೆಳಗ ಏನೂ ಇರಲಿಲ್ಲ."

"ಆಮ್ಯಾಲ?"

"ಆಮ್ಯಾಲ ಏನದ. ಎದುರಿಗಿ ಯಾರೂ ಬರಲಿಲ್ಲ, ಅಷ್ಟ. ಕೆಳಗ ಹೋಗಿ ಏರಿನಾಗ ತಾನ ನಿಂತಿತು. ಕಮಲಾಪುರದಾಗ ಮಂದಿ ಇಳಿಯೋವಾಗ, ಇವತ್ತ್ ಟೈಮಿಗಿಂತ ಲಗೂ ತಂದ್ರಿ ಡ್ರೈವರ್ ಸಾಹೇಬ್ರ ಅಂತ ಕೈ ಕುಲುಕಿದ್ರು. ಆ ವರ್ಷನೇ ಡಿಪೋದವರು ಕಟ್ಟು ಹಾಕಿಸಿ ಕೊಟ್ಟಿದ್ದು, ಪಡಸಾಲ್ಯಾಗ ತೂಗ್ ಹಾಕೀವಲ್ಲ, ಆ ಪತ್ರ."

ಅಪ್ಪ ಯಾಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದನೆಂದು ನನಗೆ ಆಗ ತಿಳಿಯಿತು. ಅದೆಲ್ಲ ಗೊತ್ತಿದ್ದೂ ನನ್ನ ಗೇರಿಗೆ ಕೈ ಹಾಕಿದನಲ್ಲ ಎಂದು ಮೈ ಉರಿಯಿತು. ಬೈಯಬೇಕು ಅಂದುಕೊಂಡವಳು, ಬಾಯಿಗೆ ಬಂದದ್ದನ್ನು ಕೇಳಿದೆ: "ಬಸ್ಸಿನಾಗ ಭಾಳ ಮಂದಿ ಇದ್ರೇನು?"

"ತುಂಬಿತ್ತು. ನಿಮ್ಮವ್ವ ಇದ್ಲು, ಅಕಿ ತೊಡಿ ಮ್ಯಾಲ ನಿನ್ನ ತಮ್ಮ ಇದ್ದ. ಅತ್ತಿ ಮನಿಗಿ ಹೊಂಟಿದ್ರಿ ನೀವು." ಅಪ್ಪ ಅಷ್ಟಕ್ಕೇ ಬಿಡಲಿಲ್ಲ. "ನೀ ನನ್ನ ಬಾಜೂಕ ನಿಂತು ಚಪ್ಪಾಳಿ ತಟ್ಟಾಕತ್ತಿದ್ದಿ. ಇನ್ನಾ ಜೋರ್ ಹೊಡಿ ಅಪ್ಪಾ, ಇನ್ನಾ ಜೋರ್ ಅಂತ."